ಮೋಟಾರಿಗೆ ಮೂರು ಬ್ರೇಕು

ಎಲ್ಲದಕ್ಕೂ ಕಾರಣ ಆ ಸ್ವಿಚ್ಚು. ಬೆಹಾಲಾದ ಘೋಷ್ ಬಾಬು ಮನೆಯ ನೀರಿನ ಮೋಟಾರಿನ ಸ್ವಿಚ್ಚು, ಅದ್ಯಾವ ಎಲೆಕ್ಟ್ರಿಷಿಯನ್ನನ ಕೃಪೆಯೋ, ಮೊದಲ ಮಹಡಿಯ ಕನ್ನಡಿಗ ಬಾಡಿಗೆದಾರ ಅನಂತನ ಅಡುಗೆಮನೆಯಲ್ಲಿತ್ತು. ಹೋದ ವಾರ ಆರಿಸಲು ಮರೆತಾಗ ಟ್ಯಾಂಕು ಉಕ್ಕಿ, ಘೋಷ್ ಬಾಬುವಿನ ಹೆಂಡತಿ ತಾರಸಿಯಲ್ಲಿ ಒಣಗಲಿಟ್ಟಿದ್ದ ಬೊಡಿ, ಅಂದರೆ ಬೇಳೆ ಸಂಡಿಗೆ, ಬೀದಿ ಪಾಲಾಗಿತ್ತು.

“ಇನ್ನೊಂದು ಸಲ ಹೀಗಾದರೆ ಮನೆ ಖಾಲಿ ಮಾಡಿ,” ಎಂದಿದ್ದರು ಘೋಷ್ ಬಾಬು.

ಈ ಭಾನುವಾರ ಅನಂತ ಮೋಟಾರು ಹಾಕಿ, ಸ್ವಿಚ್ಚಿನ ಪಕ್ಕದಲ್ಲೇ ಬ್ಯಾಂಕಿನ ಕಾವಲುಗಾರನಂತೆ ನಿಂತ. ಹೊತ್ತು ಹೋಗಲೆಂದು, ಜಾದವ್‌ಪುರ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುವ ಮಗಳನ್ನು ಕೇಳಿದ: “ಅದೇನೇ ಮೇಧಾ, ನಿನ್ನ ಜೀನು?”

“ಮಿಕ್ ಅಂತ. ನಿನ್ನಲ್ಲೂ ಇದೆ ಅಪ್ಪ.”

ಅನಂತ ಎದೆ ಮುಟ್ಟಿಕೊಂಡ. “ಕ್ಯಾನ್ಸರ್‌ದು ಅಂದಿದ್ದೆ!”

“ಎಲ್ಲರಿಗೂ ಬೇಕದು. ಬೆಳಿ, ಎರಡಾಗು ಅಂತ ಜೀವಕೋಶಕ್ಕೆ ಹೇಳುತ್ತೆ. ಆದ್ರೆ ಅದರ ಪ್ರೋಟೀನ್ ಅರ್ಧ ಗಂಟೆಯೊಳಗೆ ಅರ್ಧ ಖಾಲಿ. ಕೋಶವೇ ಒಡೆದು ಹಾಕುತ್ತೆ.”

“ತಾನೇ ಮಾಡಿದ್ದನ್ನ?”

“ಇಲ್ದಿದ್ರೆ ನಿಲ್ಲಿಸೋದು ಹೇಗೆ? ಜೀನ್ ಮೇಲೊಂದು ಬ್ರೇಕು, ಅದು ಕಳಿಸೋ ಸಂದೇಶದ ಮೇಲೊಂದು, ಪ್ರೋಟೀನ್ ಮೇಲೊಂದು. ಕ್ಯಾನ್ಸರಲ್ಲಿ ಜೀನಿನ ಪ್ರತಿಗಳೇ ಹೆಚ್ಚಾಗಬಹುದು, ಬ್ರೇಕು ಕೆಡಬಹುದು. ಆಮೇಲೆ ಆನ್ ಆಗಿದ್ದು ಆಫೇ ಆಗಲ್ಲ.”

ಅನಂತ ತನ್ನ ಅಂಗೈಯನ್ನು ಹೊಸದಾಗಿ ಕಂಡವನಂತೆ ನೋಡಿದ. ಸಿಯಾಲ್ದಾದಲ್ಲಿ ಇಷ್ಟು ವರ್ಷ ರೈಲಿನ ಸಿಗ್ನಲ್ ನೋಡಿಕೊಂಡವನು ಅವನು. ಇಲ್ಲಿ, ಚರ್ಮದಡಿ, ಸ್ಟೇಷನ್ ಮಾಸ್ತರನೇ ಇಲ್ಲದೆ ಕೋಟಿ ಕೋಟಿ ಸಿಗ್ನಲ್ಲುಗಳು ಏಳುತ್ತ ಬೀಳುತ್ತ ಇದ್ದವು!

ಅಷ್ಟರಲ್ಲಿ ಮೋಟಾರು ವಿಚಾರಿಸಲು ಬಂದ ಘೋಷ್ ಬಾಬು, “ಏನು ಮಾತು?” ಎಂದು ಕುರ್ಚಿ ಎಳೆದುಕೊಂಡರು. ಮೇಧಾ ಬಂಗಾಳಿಯಲ್ಲಿ ಮೊದಲಿನಿಂದ ಶುರುಮಾಡಿದಳು. ಗಂಡನನ್ನು ಹುಡುಕಿ ಬಂದ ಅವರ ಹೆಂಡತಿಯೂ ಕೂತರು. ಅನಂತನ ಹೆಂಡತಿ ಸಾವಿತ್ರಿ ಚಹಾ ತಂದು, ತಟ್ಟೆ ಹಿಡಿದೇ ನಿಂತುಬಿಟ್ಟಳು.

“ಬಾಪ್ ರೇ! ನನ್ನೊಳಗೂ?” ಘೋಷ್ ಬಾಬುವಿನ ಹೆಂಡತಿ ತಮ್ಮ ತೋಳನ್ನು ಮೆಲ್ಲಗೆ ಮುಟ್ಟಿಕೊಂಡರು.

ಆಗ ನೀರು ಸುರಿಯುವ ಸದ್ದು ಕೇಳಿಸಿತು. ಕಿಟಕಿಯಾಚೆ ಜಲಪಾತ. ಅದರೊಳಗೆ, ಮತ್ತೆ ಹೊಸದಾಗಿ ಒಣಗಲಿಟ್ಟಿದ್ದ ಒಂದು ಬೊಡಿ ಇಳಿದು ಹೋಯಿತು. ಹಿಂದೆಯೇ ಅದರ ಬಂಧುಬಳಗ.

ಅನಂತ ಸ್ವಿಚ್ಚಿನ ಮೇಲೆ ಬಿದ್ದು ಆರಿಸಿದ. “ಮನೆ... ಯಾವಾಗ ಖಾಲಿ ಮಾಡ್ಲಿ, ದಾದಾ?”

“ಖಾಲಿ ಯಾಕೆ?” ಎಂದರು ಘೋಷ್ ಬಾಬು, ಇನ್ನೂ ಅದೇ ಬೆರಗಿನಲ್ಲಿ. “ನಾನೂ ಇಲ್ಲೇ ಕೂತಿದ್ದೆನಲ್ಲ! ತಪ್ಪು ನಿಮ್ಮದಲ್ಲ ಮೊಶಾಯ್, ವ್ಯವಸ್ಥೆಯದು. ಇಷ್ಟು ದೊಡ್ಡ ಮೋಟಾರಿಗೆ ಒಂದೇ ಬ್ರೇಕು!”

ಅನಂತನಿಗೆ ಹೋದ ಜೀವ ಬಂದಂತಾಯಿತು.

“ನಾಳೆಯಿಂದ ಮೂರು,” ಘೋಷ್ ಬಾಬು ಮುಂದುವರಿಸಿದರು. “ನಾನು, ಇವಳು, ಆಮೇಲೆ ಎದುರುಮನೆ ಪಾಲ್ ಬಾಬು. ದಿನಾ ಬೆಳಿಗ್ಗೆ ಮೋಟಾರು ನಿಲ್ಲೋವರೆಗೂ ನಿಮ್ಮ ಅಡುಗೆಮನೆಯಲ್ಲೇ ಕೂತಿರ್ತೀವಿ.” ಸೊಸೆಯನ್ನು ಕರೆದಂತೆ ಸಾವಿತ್ರಿಯತ್ತ ತಿರುಗಿದರು: “ಬೌಮಾ, ಚಹಾಕ್ಕೆ ಶುಂಠಿ ಸ್ವಲ್ಪ ಜಾಸ್ತಿ ಇರಲಿ.”

ಸಾವಿತ್ರಿ ಗಂಡನನ್ನು ನೋಡಿದಳು. “ರೀ, ಬೇರೆ ಮನೆ ನೋಡ್ರೀ.”