ಒಬ್ಬಳೇ ಹೆಂಡತಿ ಕಾಣೆಯಾದ ಶನಿವಾರ

ಆ ಶುಕ್ರವಾರ ಇಸ್ತ್ರಿಯಕ್ಕನ ಮೇಜು ಕುಣಿಯುತ್ತಿತ್ತು. ಒಂದು ಕಾಲು ಗಿಡ್ಡ. ಇಸ್ತ್ರಿಪೆಟ್ಟಿಗೆ ಆ ಕಡೆ ಹೋದರೆ ಟಕ್, ಈ ಕಡೆ ಬಂದರೆ ಟೊಕ್. ಒಂದು ಷರಟು ಮುಗಿಯುವಷ್ಟರಲ್ಲಿ ತಲೆಯೊಳಗೆ ಬಡಗಿಯೊಬ್ಬ ಅಂಗಡಿ ಇಟ್ಟ ಹಾಗೆ!

ಗಂಡ ಹೊಸ್ತಿಲ ಮೇಲೆ ಕೂತು ಬಿಂಗೊ ಬಿಲ್ಲೆಗಳನ್ನು ಒರೆಸುತ್ತಿದ್ದ. ಕ್ಯಾರಂ ಕಾಯಿಯಂಥ ಮರದ ಬಿಲ್ಲೆಗಳು, ಒಂದರಿಂದ ತೊಂಬತ್ತು. ವಾರವೆಲ್ಲ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಯಾವ ಬಸ್ಸು ಎಲ್ಲಿಗೆ ಎಂದು ಕೂಗುವುದು ಅವನ ಕೆಲಸ. ಶನಿವಾರ ಸಂಜೆ ಸಂಘದ ಹಾಲಿನಲ್ಲಿ ಬಿಂಗೊ ನಂಬರು ಕೂಗುವುದು ಅವನ ಹುಚ್ಚು. ಎಲ್ಲರಿಗೂ ಅವನು ಮೈಕಣ್ಣ.

"ಈ ಮೇಜು ಕುಣಿಯೋದನ್ನ ನಿಲ್ಲಿಸ್ತೀರೋ, ನಾನೂ ಜತೆಗೆ ಕುಣೀಲೋ?"

"ಕುಣಿ. ಟಿಕೆಟ್ ಇಟ್ಟು ಜನ ಸೇರಿಸ್ತೀನಿ."

"ನಾಲಿಗೆಗೊಂದೇ ಕೆಲಸ ನಿಮಗೆ! ನಂಬರು ಕೂಗೋದೂ ಒಂದು ವಿದ್ಯೇನಾ? ಚೀಲಕ್ಕೆ ಕೈ ಹಾಕು, ಬಿಲ್ಲೆ ತೆಗಿ, ಓದು. ನಾನು ಕೂತ್ರೆ ನಿಮಗಿಂತ ಚೆನ್ನಾಗಿ ಕೂಗ್ತೀನಿ!"

"ಹೌದಾ? ಹನ್ನೊಂದು ಅಂದ್ರೆ ಏನು ಹೇಳು."

"ಹನ್ನೊಂದು ಅಂದ್ರೆ ಹನ್ನೊಂದು."

"ಅಲ್ಲೇ ಸೋತೆ ನೋಡು!"

ನಗುತ್ತಲೇ ಮೇಜಿನ ಕೆಳಗೆ ತೂರಿದ. ಏನೋ ಒಂದನ್ನು ಗಿಡ್ಡ ಕಾಲಿನಡಿ ತುರುಕಿದ. ಮೇಜು ಬಾಯಿ ಮುಚ್ಚಿತು.

"ಏನು ಹಾಕಿದ್ರಿ?"

"ಒಳ್ಳೇ ಸಾಮಾನೇ ಹಾಕಿದೀನಿ. ನಾಳೆ ಸಾಯಂಕಾಲ ತೆಗೀಬೇಕು, ನೆನಪಿಸು."

ಅವಳು ಸರಿ ಎಂದಳು. ಬಗ್ಗಿ ನೋಡಲಿಲ್ಲ. ಕೈಯಲ್ಲಿ ಬಿಸಿ ಪೆಟ್ಟಿಗೆ ಇತ್ತು.

ಮರುದಿನ ಬೆಳಿಗ್ಗೆ ನಿಲ್ದಾಣದಲ್ಲಿ ಅವನು ಮೈಕಿನ ಮುಂದೆ ಕೂತು, "ಪ್ರಯಾಣಿಕರ ಗಮನಕ್ಕೆ" ಎಂದ. ಪ್ರಯಾಣಿಕರು ಗಮನ ಕೊಟ್ಟರು. ಮುಂದಿನ ಮಾತು ಬರಲಿಲ್ಲ. ಎದೆಬಡಿತ ನಿಂತಿತ್ತು. ಬಸ್ಸುಗಳು ಸ್ವಲ್ಪ ಹೊತ್ತು ಕಾದು ಹೊರಟವು.

ಇಸ್ತ್ರಿಯಕ್ಕ ಅತ್ತಳು. ಆಮೇಲೆ ಇಸ್ತ್ರಿ ಮಾಡಿದಳು. ಯಾರು ಸತ್ತರೂ ಜನರ ಬಟ್ಟೆ ಸುಕ್ಕಾಗುವುದು ನಿಲ್ಲುವುದಿಲ್ಲವಲ್ಲ.

ಕೆಲವು ವಾರ ಕಳೆದ ಮೇಲೆ ಸಂಘದ ಕಾರ್ಯದರ್ಶಿ ಬಂದ. ಬಾಗಿಲಲ್ಲೇ ನಿಂತು ಚಪ್ಪಲಿ ಕಡೆ ನೋಡುತ್ತಾ ಮಾತಾಡಿದ.

"ಬಿಲ್ಲೆ ಚೀಲ ಕೊಟ್ಟಿದ್ರೆ ಅಟ್ಟಕ್ಕೆ ಹಾಕ್ತಿದ್ವಿ ಅಕ್ಕಾ. ಹಾಲಿಗೆ ಮಷೀನು ತಂದಿದೀವಿ. ಅದೇ ನಂಬರು ತೆಗೆಯುತ್ತೆ, ಅದೇ ಕೂಗುತ್ತೆ. ಕೆಮ್ಮಲ್ಲ, ಟೀ ಕೇಳಲ್ಲ, ಸಾ..."

"ಸಾಯಲ್ಲ. ಹೇಳಿ, ಪರವಾಗಿಲ್ಲ."

ಇಸ್ತ್ರಿಯಕ್ಕನ ಮೂಗಿನ ತುದಿ ಕೆಂಪಾಯಿತು.

"ಅವರ ಕುರ್ಚೀಲಿ ಮಷೀನು ಕೂರುತ್ತಾ? ಬೇಡ. ನಾನೇ ಕೂಗ್ತೀನಿ!"

"ನೀವಾ? ಒಂದು ಶನಿವಾರಾನೂ ಹಾಲಿಗೆ ಕಾಲಿಟ್ಟೋರಲ್ಲ!"

"ದಿನಾ ಗಂಟುಗಟ್ಟಲೆ ಬಟ್ಟೆ ಎಣಿಸ್ತೀನಿ. ತೊಂಬತ್ತರ ತನಕ ಓದೋಕೆ ಬರಲ್ವಾ?"

"ಒಂದೇ ಶನಿವಾರ ನೋಡೋಣ ಅಕ್ಕಾ. ಆಟ ಕೆಟ್ರೆ ಮಷೀನೇ. ಆಮೇಲೆ ಬೇಜಾರು ಮಾಡ್ಕೋಬಾರ್ದು."

"ಕೆಡೋಕೆ ಅದೇನು ಹಾಲಾ?"

ಶನಿವಾರ ಹಾಲು ತುಂಬಿತ್ತು. ಮೈಕಣ್ಣನ ಹೆಂಡತಿ ಬರುತ್ತಾಳಂತೆ ಎಂದು ಬಾರದವರೂ ಬಂದಿದ್ದರು. ಮುಂದಿನ ಸಾಲಿನಲ್ಲಿ ಬಸ್ ಡ್ರೈವರು, ಆಸ್ಪತ್ರೆ ನರ್ಸಮ್ಮ, ಅವರ ಪಕ್ಕ ಎರಡು ಕುರ್ಚಿ ಹಿಡಿದು ಮೈಕಣ್ಣನ ತಂಗಿ, ಅಂದರೆ ಇಸ್ತ್ರಿಯಕ್ಕನ ನಾದಿನಿ. ಮೂಲೆಯಲ್ಲಿ ಮಷೀನು, ಮೇಲೊಂದು ಹೊದಿಕೆ.

ಕಾರ್ಯದರ್ಶಿ ಆಟ ವಿವರಿಸಿದ. ಟಿಕೆಟ್ಟಿನಲ್ಲಿ ಮೂರು ಸಾಲು, ಸಾಲಿಗೆ ಐದು ನಂಬರು. ಕೂಗಿದ ನಂಬರು ಟಿಕೆಟ್ಟಿನಲ್ಲಿದ್ದರೆ ಗೀಟು ಹಾಕಬೇಕು. ಮೊದಲು ಐದು ಹೊಡೆದವರಿಗೆ ಬಕೆಟ್ಟು, ಒಂದು ಸಾಲು ಮುಗಿಸಿದವರಿಗೆ ಕಂಬಳಿ, ಹದಿನೈದೂ ಹೊಡೆದು "ಫುಲ್ ಹೌಸ್" ಎಂದವರಿಗೆ ಗಾಳಿ ಫ್ಯಾನು. ಕೂಗಿದ ಬಿಲ್ಲೆಯನ್ನು ಮುಂದಿನ ಹಲಗೆಯ ಗುಳಿಯಲ್ಲಿ ಇಡಬೇಕು. ತೊಂಬತ್ತು ಬಿಲ್ಲೆ, ತೊಂಬತ್ತು ಗುಳಿ.

"ಶುರು ಮಾಡೋ ಮುಂಚೆ ಮೈಕಣ್ಣ ಎಲ್ಲಾ ಬಿಲ್ಲೇನೂ ಹಲಗೇಲಿ ಜೋಡಿಸಿ ನೋಡ್ತಿದ್ದ," ಎಂದ.

"ನನ್ನ ಮನೇಲಿದ್ದ ಚೀಲ ಇದು! ಕಳ್ಳರು ಬಂದು ನಂಬರು ಕದ್ಕೊಂಡು ಹೋಗ್ತಾರಾ?"

ಎಂದವಳೇ ಕುರ್ಚಿಯಲ್ಲಿ ಮಹಾರಾಣಿಯ ಹಾಗೆ ಕೂತಳು. ಚೀಲಕ್ಕೆ ಕೈ ಹಾಕಿದಳು. ಮೊದಲ ಬಿಲ್ಲೆ ತೆಗೆದಳು.

"ಹನ್ನೊಂದು!"

ಒಬ್ಬರೂ ಗೀಟು ಹಾಕಲಿಲ್ಲ.

"ಹನ್ನೊಂದು ಅಂದ್ರೆ?" ಡ್ರೈವರು ಕೇಳಿದ.

"ಹನ್ನೊಂದು ಅಂದ್ರೆ ಹನ್ನೊಂದು!" ಎಂದಳು.

"ಹಂಗೆಲ್ಲ ಬರೀ ನಂಬರು ಕೂಗಿದ್ರೆ ನಮ್ಮ ಪೆನ್ಸಿಲ್ ಏಳಲ್ಲಮ್ಮಾ," ಎಂದರು ನರ್ಸಮ್ಮ. "ಅದು ಮೈಕಣ್ಣನ ಕಾಲು! ಎರಡು ಕಡ್ಡಿ!"

"ಮೈಕಣ್ಣನ ಕಾಲು!" ಎಂದು ಇಡೀ ಹಾಲು ಕೂಗಿ ನೆಲಕ್ಕೆ ಎರಡು ಸಲ ಕಾಲು ಅಪ್ಪಳಿಸಿತು. ದೂಳೆದ್ದಿತು. ಆಗ ಗೀಟು ಬಿತ್ತು!

ಹೀಗೆ ಗೊತ್ತಾಯಿತು. ಆ ಪುಣ್ಯಾತ್ಮ ಒಂದೊಂದು ನಂಬರಿಗೂ ಹೆಸರಿಟ್ಟಿದ್ದ. ಹೆಸರು ಹುಡುಕಲು ಬೇರೆಲ್ಲೂ ಹೋಗಿರಲಿಲ್ಲ. ಮನೆಯಿಂದಲೇ ಹೊತ್ತು ತಂದಿದ್ದ!

ಇಪ್ಪತ್ತೆರಡು ತೆಗೆದಳು. ಜೋಡಿ ಬಾತುಕೋಳಿ. ಎಲ್ಲರೂ ಬಾತುಕೋಳಿಯ ಹಾಗೆ ಕೂಗಿದರು. ಇದು ಪರವಾಗಿಲ್ಲ ಎಂದುಕೊಂಡಳು. ಎಂಟು ತೆಗೆದಳು.

"ಅಕ್ಕನ ಜಡೆ!" ಎಂದಿತು ಹಾಲು. ಅವಳ ಕೈ ತಾನಾಗಿ ಜಡೆಗೆ ಹೋಯಿತು. ನಗೆ ಚಿಮ್ಮಿತು.

ಮೂವತ್ತೊಂಬತ್ತು.

"ಅಕ್ಕನ ವಯಸ್ಸು!" ಎಂದ ಡ್ರೈವರು. ಹಿಂದಿನ ಸಾಲು ಒಂದೇ ದನಿಯಲ್ಲಿ ಉತ್ತರ ಕೊಟ್ಟಿತು: "ಹೋದ ವರ್ಷಾನೂ ಅಷ್ಟೇ!"

ಎಂಬತ್ತೆಂಟಕ್ಕೆ "ತಂಗಿಯ ಊಟ, ಎರಡೆರಡು ಸಲ!" ಎಂದಾಗ ನಾದಿನಿಯೇ ಎದ್ದು ನಿಂತು ಕೈ ಬೀಸಿದಳು. ಅವಳಿಗೆ ಅದು ಬಿರುದು!

ಹದಿಮೂರು ಬಂತು. ಎಲ್ಲರೂ ತುಟಿಗೆ ಬೆರಳಿಟ್ಟರು.

"ಇದೇನು?"

"ಹೆಂಡತಿ ಮಾತು ಬಿಟ್ಟ ದಿನಗಳು," ಪಿಸುಗುಟ್ಟಿದರು ನರ್ಸಮ್ಮ. "ಹದಿಮೂರು ದಿನ!"

"ಸುಳ್ಳು! ಹನ್ನೆರಡೇ ದಿನ!"

"ಒಪ್ಕೊಂಡ್ಲು! ಒಪ್ಕೊಂಡ್ಲು!" ಹಾಲು ಹಾರಿಹೋಗುವ ಹಾಗೆ ಸಿಳ್ಳೆ!

ಇಸ್ತ್ರಿಯಕ್ಕನಿಗೆ ಮೈಯೆಲ್ಲ ಉರಿ. ಶನಿವಾರ ಶನಿವಾರ ಇಲ್ಲಿ ತನ್ನ ಸಂಸಾರವನ್ನೇ ಒಗೆದು, ಹಿಂಡಿ, ಹಗ್ಗಕ್ಕೆ ನೇತು ಹಾಕಿದ್ದಾನೆ! ಅವನು ಇದ್ದಿದ್ದರೆ ಇವತ್ತಿಗೆ ಹದಿಮೂರನೇ ದಿನ ಶುರುವಾಗುತ್ತಿತ್ತು. ಆದರೆ ಕೈ ನಿಲ್ಲಲಿಲ್ಲ. ಮುಂದಿನದು ಏನಿಟ್ಟಿರಬಹುದು, ಅದರ ಮುಂದಿನದು? ತೆಗೆದಳು, ಕೂಗಿದಳು, ಬೈದಳು, ತೆಗೆದಳು. ದನಿ ಏರಿತು. ಸೆರಗು ಸಿಕ್ಕಿಸಿಕೊಂಡಳು. ಬಕೆಟ್ಟು ಹೋಯಿತು, ಕಂಬಳಿ ಹೋಯಿತು. ಕಾರ್ಯದರ್ಶಿಯೂ ಮಷೀನಿಗೆ ಬೆನ್ನು ಹಾಕಿ ಕೂತು ಬಾತುಕೋಳಿ ಕೂಗಿದ.

"ಫುಲ್ ಹೌಸ್!" ಡ್ರೈವರು ಹಾರಿ ಎದ್ದ. ಫ್ಯಾನನ್ನು ತಬ್ಬಿಕೊಂಡೇ ಬಿಟ್ಟ.

"ಇಳಿಸು ಫ್ಯಾನು!" ನರ್ಸಮ್ಮ ಗುಡುಗಿದರು. "ಎಷ್ಟೊತ್ತಿಂದ ಒಂದೇ ಒಂದಕ್ಕೆ ಕಾಯ್ತಾ ಇದೀನಿ. ಒಬ್ಬಳೇ ಹೆಂಡತಿ ಎಲ್ಲಿ?"

"ಯಾರ ಹೆಂಡತಿ?" ಇಸ್ತ್ರಿಯಕ್ಕ ಗಾಬರಿಯಾದಳು.

"ಒಂದು ನಂಬರಮ್ಮಾ! ಅದರ ಹೆಸರು ಒಬ್ಬಳೇ ಹೆಂಡತಿ!"

"ನನಗೂ ಅವಳೇ ಬೇಕು!" ಎಂದಳು ನಾದಿನಿ.

"ಬರದೇ ಇದ್ದದ್ದು ನಿಮ್ಮ ಹಣೆಬರಹ," ಎಂದ ಡ್ರೈವರು.

"ಚೀಲದಲ್ಲಿ ಇದ್ದಾಳೋ ಇಲ್ಲವೋ ನೋಡೋಣ. ಬೋರಲು ಹಾಕಿ ಚೀಲ!" ಎಂದರು ನರ್ಸಮ್ಮ.

ಬೋರಲು ಹಾಕಿದರು. ಉಳಿದ ಬಿಲ್ಲೆಗಳೆಲ್ಲ ಉರುಳಿದವು. ಒಂದೊಂದನ್ನೂ ಅದರದರ ಗುಳಿಗೆ ಕೂರಿಸಿದರು. ಮೊದಲ ಗುಳಿ ಹಲ್ಲು ಬಿದ್ದ ಬಾಯಿಯ ಹಾಗೆ ತೆರೆದುಕೊಂಡೇ ಇತ್ತು.

"ಒಬ್ಬಳೇ ಹೆಂಡತಿ ಕಾಣೆ!"

ಮೇಲಕ್ಕೆದ್ದ ಗಲಾಟೆ ಕೆಳಕ್ಕಿಳಿಯಲಿಲ್ಲ. ಟಿಕೆಟ್ಟಿನಲ್ಲಿ ಒಂದು ಇದ್ದವರೆಲ್ಲ ಈ ಆಟ ಆಟವೇ ಅಲ್ಲ ಎಂದರು. ಇಲ್ಲದವರೆಲ್ಲ ಆಟವೇ ಹೌದು ಎಂದರು. ಬಕೆಟ್ಟು ಗೆದ್ದವನು ಯಾವುದಕ್ಕೂ ಇರಲಿ ಎಂದು ಬಕೆಟ್ಟಿನ ಮೇಲೆ ಕೂತ. ಕಾರ್ಯದರ್ಶಿ ಮೆಲ್ಲಗೆ ಹೋಗಿ ಮಷೀನಿನ ಹೊದಿಕೆ ಎತ್ತಿದ.

"ಎಣಿಸಿ ಅಂತ ಹೇಳಿದ್ನಲ್ಲ ಅಕ್ಕಾ. ನಂದೇನೂ ತಪ್ಪಿಲ್ಲ."

ಸ್ವಿಚ್ಚು ಒತ್ತಿದ. ಮಷೀನು ಗಂಟಲಿಲ್ಲದ ದನಿಯಲ್ಲಿ ಹೇಳಿತು: "ಸಂಖ್ಯೆ. ಹನ್ನೊಂದು." ಯಾರೂ ಕಾಲು ಅಪ್ಪಳಿಸಲಿಲ್ಲ.

ಇಸ್ತ್ರಿಯಕ್ಕನಿಗೆ ಅದನ್ನು ಕೇಳಲಾಗಲಿಲ್ಲ.

"ಆರಿಸ್ರೀ ಅದನ್ನ! ಮನೇಲೇ ಎಲ್ಲೋ ಇದೆ. ಹುಡುಕಿ ತರ್ತೀನಿ!"

ಹೊರಟಳು. ಹಿಂದೆ ನರ್ಸಮ್ಮ, ಅವರ ಹಿಂದೆ ನಾದಿನಿ, ಅವಳ ಹಿಂದೆ ಫ್ಯಾನು ಹೊತ್ತ ಡ್ರೈವರು, ಅವನ ಹಿಂದೆ ಟಿಕೆಟ್ಟು ಹಿಡಿದ ಇಡೀ ಹಾಲು! ರಸ್ತೆಯ ಕಿಟಕಿಗಳೆಲ್ಲ ತೆರೆದವು. "ಏನಾಯ್ತು?" ಎಂದು ಕೇಳಿದವರಿಗೆ, "ಮೈಕಣ್ಣನ ಹೆಂಡತಿ ಕಾಣೆ!" ಎಂದರು. ಆ ಹೆಂಡತಿಯೇ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು!

ಮನೆಯ ಡಬ್ಬಿಗಳೆಲ್ಲ ಬಾಯಿ ಬಿಟ್ಟವು. ದಿಂಬು, ಚಪ್ಪಲಿ, ಅವನ ಷರಟಿನ ಜೇಬು. ಜೇಬಿನಲ್ಲಿ ಬಸ್ ನಿಲ್ದಾಣದ ಸೀಟಿ ಇತ್ತು. ಒಂದು ಇರಲಿಲ್ಲ. ಅವಳು ಮೇಜಿಗೆ ಕೈಯೂರಿ ನಿಂತಳು. ಓಡಿ ಬಂದ ಸುಸ್ತಿಗೆ ನಾದಿನಿಯೂ ಅದೇ ಮೇಜಿನ ಮೇಲೆ ಪೂರ್ತಿ ಭಾರ ಬಿಟ್ಟಳು.

"ಗಟ್ಟಿ ಮೇಜು ಕಣೆ ಅತ್ತಿಗೆ! ನಾನು ಒರಗಿದ್ರೂ ಕುಯ್ ಅನ್ನಲ್ಲ!"

ಇಸ್ತ್ರಿಯಕ್ಕ ಅವಳ ಮುಖ ನೋಡಿದಳು. ಮೇಜು ನೋಡಿದಳು. ಆ ಶುಕ್ರವಾರ ಗಂಡ ಅಂದದ್ದು ನೆನಪಾಯಿತು: ನಾಳೆ ಸಾಯಂಕಾಲ ತೆಗೀಬೇಕು, ನೆನಪಿಸು.

ನೆಲಕ್ಕೆ ಕೂತಳು. "ಎತ್ತಿ," ಎಂದಳು. ಡ್ರೈವರು ಫ್ಯಾನು ಕೆಳಗಿಟ್ಟು ಮೇಜು ಎತ್ತಿದ. ಗಿಡ್ಡ ಕಾಲಿನಡಿ ಬಿಲ್ಲೆ ಇತ್ತು. ದೂಳು ಒರೆಸಿದಳು. ಒಂದು.

"ಕೂಗು ಮತ್ತೆ!" ನರ್ಸಮ್ಮ ಪೆನ್ಸಿಲ್ ಹಿಡಿದು ನಿಂತಿದ್ದರು.

ನೆಲದ ಮೇಲೆ ಕೂತೇ ಕೂಗಿದಳು.

"ಒಬ್ಬಳೇ ಹೆಂಡತಿ!"

ಮನೆ, ಮೆಟ್ಟಿಲು, ರಸ್ತೆ, ಎಲ್ಲ ಕಡೆಯಿಂದ ಉತ್ತರ ಬಂತು:

"ಸಾಕೋ ಸಾಕು!"

"ಏನಂದ್ರಿ? ಸಾಕೋ ಸಾಕಾ?" ಎಂದು ಸಿಟ್ಟಿನಿಂದ ಎದ್ದಳು. ಎದ್ದವಳಿಗೆ ನಗು ಬಂತು. ಅವನು ಹೋದ ಮೇಲೆ ಮೊದಲ ಸಲ. ನಕ್ಕು ನಕ್ಕು ಕೆಮ್ಮಿದಳು. ನಾದಿನಿ ನೀರು ಕೊಟ್ಟಳು.

"ಫುಲ್ ಹೌಸ್!" ಎಂದರು ನರ್ಸಮ್ಮ. "ಫುಲ್ ಹೌಸ್!" ಎಂದಳು ನಾದಿನಿ. ಡ್ರೈವರು ಫ್ಯಾನು ಬಿಡಲಿಲ್ಲ. ಮೂವರೂ ಎಳೆದಾಡಿ ಸುಸ್ತಾಗಿ, ಕಡೆಗೆ ಫ್ಯಾನು ಹಾಲಿನಲ್ಲೇ ಇರಲಿ ಎಂದು ತೀರ್ಮಾನವಾಯಿತು. ಕೂಗುವವಳ ತಲೆ ಬೇಗ ಬಿಸಿಯಾಗುತ್ತದಂತೆ!

ಅಟ್ಟಕ್ಕೆ ಹೋದದ್ದು ಮಷೀನು.

ಈಗ ಶನಿವಾರ ಅವಳೇ ಕೂಗುತ್ತಾಳೆ. ಮೊದಲು ಬಿಲ್ಲೆ ಜೋಡಿಸಿ ನೋಡಿಕೊಳ್ಳುತ್ತಾಳೆ. ಹನ್ನೊಂದು ಬಂದರೆ ಎಲ್ಲರಿಗಿಂತ ಜೋರಾಗಿ ಕಾಲು ಅಪ್ಪಳಿಸುತ್ತಾಳೆ. ಆಟ ಮುಗಿದ ಮೇಲೆ ಒಂದನ್ನು ಮಾತ್ರ ಮನೆಗೆ ತರುತ್ತಾಳೆ. ಕಾರ್ಯದರ್ಶಿ ಮೇಜಿನ ಕಾಲಿಗೆಂದು ಒಳ್ಳೆಯ ಮರದ ತುಂಡು ಮಾಡಿಸಿ ಕೊಟ್ಟ. ಅದನ್ನು ಬಾಗಿಲಿಗೆ ಒತ್ತು ಕೊಟ್ಟಿದ್ದಾಳೆ.

ಬೆಳಿಗ್ಗೆ ನೆಲ ಒರೆಸುವಾಗ ಮೊದಲೆಲ್ಲ ಮೇಜಿನ ಸುತ್ತ ಒರೆಸಿ ಬಿಡುತ್ತಿದ್ದಳು, ಈಗ ಮೇಜನ್ನೂ ಸರಿಸುತ್ತಾಳೆ. ಒರೆಸಿ, ಮೇಜನ್ನು ಸೊಂಟ ಕೊಟ್ಟು ಎತ್ತಿ, ಬಿಲ್ಲೆಯನ್ನು ಗಿಡ್ಡ ಕಾಲಿನಡಿ ತುರುಕುತ್ತಾಳೆ. ದಿನವೂ.

"ಒಬ್ಬಳೇ ಹೆಂಡತಿ," ಎನ್ನುತ್ತಾಳೆ.

ಮನೆಯಲ್ಲಿ ಉತ್ತರ ಕೊಡುವವರಿಲ್ಲ. ಅದನ್ನೂ ಅವಳೇ ಹೇಳಿಕೊಂಡು ಇಸ್ತ್ರಿಪೆಟ್ಟಿಗೆ ಬಿಸಿಗಿಡುತ್ತಾಳೆ.