ಕಪ್ಪುಕುಳಿಯ ಬಾಗಿಲಲ್ಲಿ ನೂಕುನುಗ್ಗಲು ಕಡ್ಡಾಯ

ಸಂಖ್ಯೆ: ವಿ.ಪ್ರ./ರಾಯಚೂರು/ಕತ್ತಲೆ/07/2024-25

ವಿಷಯ: ಕಪ್ಪುಕುಳಿಗೆ ಬೀಳುವ ವಸ್ತುಗಳು ಬೀಳುವ ಮುನ್ನ ಬೆಳಕು ನೀಡುವ ಕುರಿತು.

ದೇವದುರ್ಗದ ವಿಜ್ಞಾನ ಶಿಕ್ಷಕಿ ಶ್ರೀಮತಿ ಮಿನಾಜ್ ಅವರು ನಿನ್ನೆ ರಾಯಚೂರಿನ ವಿಜ್ಞಾನ ಪ್ರದರ್ಶನಕ್ಕೆ ತಂದ ಕಪ್ಪುಕುಳಿಯ ಮಾದರಿಯಲ್ಲಿ ಕುಳಿಯ ಸುತ್ತ ಬಲ್ಬುಗಳು ಉರಿಯುತ್ತಿದ್ದವು. ಪರಿಶೀಲನಾಧಿಕಾರಿ ಶ್ರೀ ಗುರುಪ್ರಸನ್ನ ಅವರು "ಕಪ್ಪುಕುಳಿಯಿಂದ ಬೆಳಕೂ ಹೊರಬಾರದು" ಎಂಬ ತಮ್ಮ ಅರ್ಧ ಜ್ಞಾನವನ್ನು ಪೂರ್ತಿ ಬಳಸಿ, ಬಲ್ಬು ಆರಿಸಿ, ಮಾದರಿಯನ್ನು ತಿರಸ್ಕರಿಸಿರುತ್ತಾರೆ. "ಬೆಳಕು ಒಳಗಿಂದ ಬರಂಗಿಲ್ರೀ ಸರ್. ಬೀಳೂ ವಸ್ತು ಸೀದಾ ಬೀಳಂಗಿಲ್ಲ, ಸುತ್ತ ತಿರುಗತದ. ಅಲ್ಲೇ ಒಂದಕ್ಕೊಂದು ತಿಕ್ಕಾಡಿ, ಕಾದು, ಬೆಳಗತದ್ರೀ" ಎಂದು ಶಿಕ್ಷಕಿ ಹೇಳಿದ್ದನ್ನು ಅಧಿಕಾರಿಯವರು ಕೇಳಿಸಿಕೊಂಡಿರುವುದಿಲ್ಲ. ಅವರಿಗೆ ಮಾನ್ವಿ ಬಸ್ಸಿನ ಹೊತ್ತಾಗಿತ್ತು. ಶಿಕ್ಷಕಿ ಮಾದರಿಯನ್ನು ತೊಡೆಯ ಮೇಲಿಟ್ಟುಕೊಂಡು ದೇವದುರ್ಗಕ್ಕೆ ವಾಪಸಾಗಿರುತ್ತಾರೆ. ನಾಳೆ ಕಡೆಯ ದಿನ. ಮಾದರಿ ಆಯ್ಕೆಯಾಗದಿದ್ದರೆ ಅವರ ಶಾಲೆಯ ಮಕ್ಕಳು ರಾಜ್ಯಮಟ್ಟಕ್ಕೆ ಹೋಗುವಂತಿಲ್ಲ.

ಅದೇ ಸಂಜೆ ಸದರಿ ಅಧಿಕಾರಿಯವರು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದು ಬಸ್ಸಿನ ಬಾಗಿಲಿಗೆ ಬರಲಾಗಿ, ಜನರು ಸೀದಾ ಒಳಹೋಗದೆ ಬಾಗಿಲ ಸುತ್ತ ಸುತ್ತುತ್ತ, ಹೆಗಲಿಗೆ ಹೆಗಲು ತಿಕ್ಕಿ ಕಾದ ಹಂಚಾಗಿದ್ದರು. ಆಗ ಶಿಕ್ಷಕಿಯ ಮಾತು ಅವರ ತಲೆಗೆ ಹೊಕ್ಕಿರುತ್ತದೆ. ಟವೆಲ್ ಮಾನ್ವಿ ತಲುಪಿದೆ, ಅಧಿಕಾರಿ ತಲುಪಿಲ್ಲ. ಅವರಿಗೆ ಬಹಳ ನಾಚಿಕೆಯಾಗಿರುವುದನ್ನು ಇಲ್ಲಿ ದಾಖಲಿಸಲಾಗಿದೆ.

ಆದ್ದರಿಂದ ಸಂಬಂಧಪಟ್ಟ ಎಲ್ಲರಿಗೂ ತಿಳಿಯಪಡಿಸುವುದೇನೆಂದರೆ:

1. ಕಪ್ಪುಕುಳಿಗೆ ಬೀಳಲಿಚ್ಛಿಸುವ ಧೂಳು, ಅನಿಲ ಹಾಗೂ ಚೂರಾದ ನಕ್ಷತ್ರಗಳು ಸರದಿ ಸಾಲಿನಲ್ಲಿ ನಿಲ್ಲುವುದನ್ನು ನಿಷೇಧಿಸಲಾಗಿದೆ. ತಿಕ್ಕಾಟವಿಲ್ಲದೆ ಶಾಖವಿಲ್ಲ, ಶಾಖವಿಲ್ಲದೆ ಬೆಳಕಿಲ್ಲ.

2. ಬೆಳಕನ್ನು ಕುಳಿಯ ಅಂಚಿನ ಹೊರಗೇ ಸಲ್ಲಿಸತಕ್ಕದ್ದು. ಅಂಚು ದಾಟಿದ ಬಳಿಕ ಬಂದ ಬೆಳಕನ್ನು ಸ್ವೀಕರಿಸಲಾಗುವುದಿಲ್ಲ. ಅದು ಬರುವುದೂ ಇಲ್ಲ.

3. ಮುಂಚಿತವಾಗಿ ಟವೆಲ್ ಎಸೆದು ಕುಳಿಯೊಳಗೆ ಜಾಗ ಹಿಡಿಯತಕ್ಕದ್ದಲ್ಲ. ಟವೆಲ್ ವಾಪಸು ಕೊಡಿಸುವ ಅಧಿಕಾರ ಈ ಇಲಾಖೆಗಿಲ್ಲ.

4. ರಾಯಚೂರಿನ ಬಿಸಿಲಿಗೆ ಕಾದ ನೌಕರರು ತಾವೂ ಬೆಳಕು ನೀಡುತ್ತಿರುವುದಾಗಿ ಭತ್ಯೆ ಕೋರತಕ್ಕದ್ದಲ್ಲ. ಲಕ್ಷಾಂತರ ಡಿಗ್ರಿ ತಲುಪಿದವರು ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಖುದ್ದು ಹಾಜರಾಗುವುದು.

5. ತಿರಸ್ಕಾರದ ಆದೇಶವನ್ನು ರದ್ದುಪಡಿಸಿ, ಸದರಿ ಮಾದರಿಗೆ ನಾಳೆ ಮೊದಲ ಮೇಜನ್ನು ಮಂಜೂರು ಮಾಡಲಾಗಿದೆ. ಬಲ್ಬು ಆರಿಸಿದವರೇ ಹಚ್ಚತಕ್ಕದ್ದು.

ಸಹಿ/-
(ಗುರುಪ್ರಸನ್ನ)
ಪರಿಶೀಲನಾಧಿಕಾರಿ, ಮೇಲೆ ಹೇಳಿದವರೇ

ಪ್ರತಿಗಳು:
1. ಎಲ್ಲ ಕಪ್ಪುಕುಳಿಗಳಿಗೆ, ಅಂಚಿನ ಹೊರಗೆ ಅಂಟಿಸಲು.
2. ಕಚೇರಿ ಕಡತಕ್ಕೆ.
3. ಶ್ರೀಮತಿ ಮಿನಾಜ್, ದೇವದುರ್ಗ. ಕ್ಷಮೆ ಕೇಳಲು ಇಲಾಖೆಯಲ್ಲಿ ನಿಗದಿತ ನಮೂನೆ ಇಲ್ಲದ ಕಾರಣ ಕೈಬರಹದಲ್ಲಿ: "ತಪ್ಪಾತ್ರೀ ಟೀಚರ್. ಮಕ್ಕಳನ್ನ ಕರಕೊಂಡು ಬರ್ರಿ. ಮಾದರಿ ಹೊರಾಕ ನಾನ ಬಸ್ ಸ್ಟ್ಯಾಂಡಿನ್ಯಾಗ ನಿಂತಿರ್ತೀನಿ."