ಗೋಡೆಯ ಮೇಲಿಲ್ಲದ ಜಲಪಾತ

ಗೋಕಾಕದಲ್ಲಿ ಚಿತ್ರಕಲೆಯ ಬಗ್ಗೆ ಬರೆಯುವವರು ಬಹಳ ಜನ ಇಲ್ಲ. ನನಗೆ ತಿಳಿದಂತೆ ನಾನೊಬ್ಬನೇ. ಹೀಗಾಗಿ ಶ್ರೇಷ್ಠನೂ ನಾನೇ! ಸ್ಥಳೀಯ ಪತ್ರಿಕೆಯೊಂದರಲ್ಲಿ ಪ್ರತಿ ರವಿವಾರ ನನ್ನ ಅಂಕಣ ಬರುತ್ತದೆ. ನಾಟಕ, ಸಂಗೀತ, ಚಿತ್ರ ಯಾವುದನ್ನೂ ನಾನು ಬಿಟ್ಟವನಲ್ಲ.

ದಸ್ತಗೀರ ನನ್ನ ಬಾಲ್ಯದ ಗೆಳೆಯ. ಮೂಡಲಗಿಯ ಸಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನ ಮೇಲೆ ಕುಳಿತು ಕಲಿತವರು. ಅವನು ಮುಂದೆ ಡ್ರಾಯಿಂಗ್ ಮಾಸ್ತರನಾದ. ತಲೆ ಬೆಳ್ಳಗಾದ ಮೇಲೆ, ಹುಕ್ಕೇರಿಯ ಒಂದು ಸಭಾಭವನದಲ್ಲಿ ಮೊದಲ ಸಲ ತನ್ನ ಚಿತ್ರಗಳ ಪ್ರದರ್ಶನ ಇಟ್ಟ. ನನಗೆ ಫೋನ್ ಮಾಡಿದ.

"ಬಸು, ನೀ ಬರೀಬೇಕ ನೋಡಪಾ. ನೀ ಬರದ್ರ ನಾಕ ಮಂದಿ ನೋಡಾಕ ಬರ್ತಾರ."

"ಚಿಂತಿ ಬಿಡೋ! ಶನಿವಾರ ಬರತೇನಿ, ಕಣ್ತುಂಬ ನೋಡತೇನಿ, ಆಮ್ಯಾಲ ಬರೀತೇನಿ," ಎಂದೆ.

ಈ ಮೂರರಲ್ಲಿ ನಾನು ಮಾಡಿದ್ದು ಕೊನೆಯದೊಂದೇ.

ಆ ಶನಿವಾರ ಸಂಕೇಶ್ವರದಲ್ಲಿ ಆಫೀಸಿನ ಗೆಳೆಯನ ಮನೆಯ ವಾಸ್ತುಶಾಂತಿ ಇತ್ತು. ಹುಕ್ಕೇರಿ ದಾರಿಯಲ್ಲೇ ಸಿಗುತ್ತದೆ. ಹೋಗುವಾಗ ಇಳಿದರೆ ಊಟ ತಪ್ಪೀತು, ಬರುವಾಗ ಇಳಿದರೆ ಊಟವೂ ಆಯಿತು, ಕಲೆಯೂ ಆಯಿತು! ಇಂಥ ದೂರಾಲೋಚನೆಯಿಂದ ಮೊದಲು ಊಟಕ್ಕೆ ಹೋದೆ. ಹೋಳಿಗೆ, ಅದರ ಮೇಲೆ ತುಪ್ಪ, ಅದರ ಮೇಲೆ ಮನೆಯವರ ಒತ್ತಾಯ. ಮರಳುವಾಗ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಅಲ್ಲಿಯವರೆಗೆ ನೆನಪಿದೆ.

ಕಂಡಕ್ಟರ್ ಹೆಗಲು ಅಲುಗಿಸಿದ. "ಏನ್ರೀ ಸರ, ಹುಕ್ಕೇರಿ ತಿಕೀಟ ತಗಿಸಿ ಧುಪದಾಳಕ ಬಂದೀರಲ್ರಿ!"

ತಿರುಗಿ ಹೋಗಬಹುದಿತ್ತು. ಆದರೆ ಸಂಜೆಯೊಳಗೆ ಅಂಕಣ ಕಳಿಸಬೇಕು. ಅಲ್ಲದೆ ದಸ್ತಗೀರನ ಚಿತ್ರ ನನಗೆ ಗೊತ್ತಿಲ್ಲದ್ದೇ? ಸಾಲೆಯಲ್ಲಿದ್ದಾಗ ಅವನು ಬಿಡಿಸುತ್ತಿದ್ದುದು ಗೋಕಾಕ ಫಾಲ್ಸ್ ಒಂದನ್ನೇ! ನಮ್ಮ ಸೀಮೆಯಲ್ಲಿ ಕುಂಚ ಹಿಡಿದವನು ಫಾಲ್ಸ್ ಬಿಡಿಸದೆ ಇರುತ್ತಾನೆಯೇ? ಮನೆಗೆ ಬಂದು ಬರೆದೇಬಿಟ್ಟೆ: "ಎಡಗೋಡೆಯ ಮೇಲಿನ ಜಲಪಾತದ ಮುಂದೆ ಬಹಳ ಹೊತ್ತು ನಿಂತೆ. ನೀರಿನ ಭೋರ್ಗರೆತ ಕಿವಿ ತುಂಬಿತು. ಕಣ್ಣು ಒದ್ದೆಯಾದವು."

ಮರುದಿನ ಬೆಳಿಗ್ಗೆ ಬಾಜೂ ಮನೆಯ ಪಾಟೀಲ ಕಾಕಾ ಪತ್ರಿಕೆ ಹಿಡಿದುಕೊಂಡೇ ಬಂದರು. "ಏನ್ ಬರದೀಯೋ ಬಸವರಾಜ! ಓದಾಕತ್ತಿದ್ರ ಮೈಮ್ಯಾಗ ನೀರ ಸಿಡದಂಗಾತು!"

ನಾನು ವಿನಯದಿಂದ ತಲೆ ತಗ್ಗಿಸಿದೆ. ನಿಜವಾಗಿ ತಗ್ಗಿಸುವ ಹೊತ್ತು ಇನ್ನೂ ಬಂದಿರಲಿಲ್ಲ, ಇದು ಬರಿಯ ಅಭ್ಯಾಸ!

ನನ್ನ ಹೆಂಡತಿ ಮಹಾದೇವಿ ಅಂಕಣವನ್ನು ಎರಡೆರಡು ಸಲ ಓದಿದಳು. "ನಮ್ಮ ಲಗ್ನದಾಗ ಊರ ಮಂದಿ ಎಲ್ಲಾ ಅತ್ರೂ ನಿಮ್ಮ ಕಣ್ಣಾಗ ಹನಿ ನೀರ ಬಂದಿದ್ದಿಲ್ಲ. ಅದೆಂಥಾ ಚಿತ್ರ ಐತಿ, ನಾನೂ ನೋಡಬೇಕ. ನಡೀರಿ ಹುಕ್ಕೇರಿಗೆ!"

ತಲೆನೋವು ಅಂದೆ. ಗುಳಿಗೆ ಕೊಟ್ಟಳು. ಬಸ್ಸಿಲ್ಲ ಅಂದೆ. ಆಟೋ ಹತ್ತಿಸಿ ಸ್ಟ್ಯಾಂಡಿಗೆ ಕರೆದೊಯ್ದಳು. ಹುಕ್ಕೇರಿ ಬಸ್ಸು ನಮಗಾಗಿಯೇ ನಿಂತಂತೆ ನಿಂತಿತ್ತು!

ಸಭಾಭವನದಲ್ಲಿ ಜನ ತುಂಬಿದ್ದರು. ಕೆಲವರ ಕೈಯಲ್ಲಿ ನನ್ನ ಅಂಕಣ ಬೇರೆ. ನಾನು ಒಳಗೆ ಕಾಲಿಟ್ಟು ನಾಲ್ಕೂ ಗೋಡೆ ನೋಡಿದೆ. ಜಲಪಾತ ಹೋಗಲಿ, ನಲ್ಲಿಯ ನೀರಿನ ಚಿತ್ರವೂ ಇರಲಿಲ್ಲ! ಎಲ್ಲ ಚಿತ್ರಗಳಲ್ಲೂ ಒಬ್ಬಳೇ ಹೆಂಗಸು ಕೌದಿ ಹೊಲಿಯುತ್ತಿದ್ದಳು. ಹಳೆಯ ಸೀರೆಗಳ ತುಂಡು, ಸೂಜಿ, ದಾರ, ಬಾಗಿದ ಕುತ್ತಿಗೆ. ಅವಳು ದಸ್ತಗೀರನ ತಾಯಿ. ಸಾಲೆ ಬಿಟ್ಟ ಮೇಲೆ ಎಷ್ಟೋ ಸಲ ನನಗೆ ಬಿಸಿ ರೊಟ್ಟಿ ಬಡಿಸಿದ ಚಾಚಿ.

"ಎಡಗೋಡಿ ಮ್ಯಾಲಿನ ಫಾಲ್ಸ್ ಎಲ್ಲಿ ಐತ್ರಿ ಮಾಸ್ತರ?" ಎಂದು ಒಬ್ಬರು ದಸ್ತಗೀರನನ್ನು ಕೇಳಿದರು.

ಅವನು ನನ್ನನ್ನು ನೋಡಿದ. ಬಳಿಕ ಅವರಿಗೆ ಹೇಳಿದ, "ಅದು ನಿನ್ನೇನ ಮಾರಾಟ ಆತ್ರಿ."

ಬದುಕಿದೆ! ಇಂಥ ಗೆಳೆಯ ಯಾರಿಗುಂಟು? ನಾನು ಗಂಭೀರವಾಗಿ ಗೋಣು ಹಾಕಿದೆ. ಅಷ್ಟಕ್ಕೇ ನಿಲ್ಲಲಿಲ್ಲ. "ಭಾಳ ಅಪರೂಪದ ಚಿತ್ರರೀ ಅದು," ಎಂದೂ ಸೇರಿಸಿದೆ!

ಆಗ ಬಾಗಿಲ ಹತ್ತಿರದ ಕುರ್ಚಿಯಿಂದ ಯಾರೋ ಕರೆದರು. ಚಾಚಿ! ಹತ್ತಿರ ಹೋದೊಡನೆ ನನ್ನ ಕೈ ಹಿಡಿದುಕೊಂಡಳು.

"ಬಸು, ನಿನ್ನೆ ನೀ ಬರ್ತಿ ಅಂತ ಮುಂಜಾನಿಯಿಂದ ಇಲ್ಲೇ ಕುಂತಿದ್ನೆಪಾ. ಬಾಗಲಾ ಬಿಟ್ಟ ಎದ್ದಿಲ್ಲ. ನೀ ಬಂದ ಹೋದೆಂತ, ಪೇಪರದಾಗ ಬಂದೈತಂತ. ನನಗ ಕಾಣಲೇ ಇಲ್ಲ ನೋಡು. ನನ್ನ ಕಣ್ಣ ಪೂರಾ ಹ್ವಾದುವೇನೋ? ನಾಳೆ ದವಾಖಾನಿಗೆ ಕರಕೊಂಡ ಹೋಗಂತ ಇವಗ ಹೇಳೇನಿ."

ದಸ್ತಗೀರ ನೆಲ ನೋಡುತ್ತ ನಿಂತಿದ್ದ. ಗೋಣು ಹಾಕಿದರೆ ನನ್ನ ಮಾನ ಉಳಿಯುತ್ತಿತ್ತು. ಚಾಚಿಯ ಕಣ್ಣು ಹೋಗುತ್ತಿದ್ದವು.

"ನಿಮ್ಮ ಕಣ್ಣ ಚಲೋ ಅದಾವ ಚಾಚಿ," ಎಂದೆ. "ನಾನಽ ಬಂದಿದ್ದಿಲ್ಲ. ಹೋಳಿಗಿ ಉಂಡ ಬಸ್ಸಿನ್ಯಾಗ ಮಲಕೊಂಡಿದ್ನಿ. ನೋಡದಽ ಬರದೇನಿ. ಫಾಲ್ಸ್ ಚಿತ್ರಾನೂ ಇಲ್ಲ, ಎಂಥಾದೂ ಇಲ್ಲ."

ಮೆಲ್ಲಗೆ ಹೇಳಬೇಕೆಂದಿದ್ದೆ. ಆದರೆ ಭಾಷಣ ಮಾಡಿ ರೂಢಿಯಾದ ದನಿ, ಹಾಲ್ ತುಂಬ ಕೇಳಿಸಿತು! ಅಂಕಣ ಹಿಡಿದು ನಿಂತವರು ಅದನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿದರು. ಮಹಾದೇವಿ ನನ್ನಿಂದ ಎರಡು ಹೆಜ್ಜೆ ದೂರ ಸರಿದು, ಬೇರೆ ಯಾರದೋ ಹೆಂಡತಿಯಂತೆ ನಿಂತಳು.

ಚಾಚಿ ಮಾತ್ರ ನಿಟ್ಟುಸಿರು ಬಿಟ್ಟು ನಕ್ಕಳು. "ಅಲ್ಲಾ! ನನ್ನ ಜೀವ ತಣ್ಣಗಾತು. ಬಾ, ಈಗರ ನೋಡು."

ಕೈ ಬಿಡದೆ ಒಂದೊಂದೇ ಚಿತ್ರದ ಮುಂದೆ ನಿಲ್ಲಿಸಿದಳು. ಇದು ದಸ್ತಗೀರನ ತೊಟ್ಟಿಲಿಗೆ ಹೊಲಿದದ್ದು, ಇದು ಮಗಳ ಲಗ್ನಕ್ಕೆ. ಕೂಸಿಗೆ ಹೇಳಿದಂತೆ ಹೇಳಿದಳು. ಚಿತ್ರಗಳು ನಿಜಕ್ಕೂ ಚೆನ್ನಾಗಿದ್ದವು. ಆದರೆ ಅದನ್ನು ಹೇಳುವ ಬಾಯಿ ನನಗೆಲ್ಲಿತ್ತು? ಏನು ಹೊಗಳಲು ಹೋದರೂ ದಸ್ತಗೀರ, "ಇರ್ಲಿ ಬಿಡು, ಮೊದಲ ನೋಡು," ಎನ್ನುತ್ತಿದ್ದ.

ಮನೆಗೆ ಬಂದು ನಡೆದುದನ್ನೆಲ್ಲ ಒಂದಕ್ಷರ ಬಿಡದೆ ಬರೆದು, ಕ್ಷಮೆ ಕೇಳಿ, ಪತ್ರಿಕೆಗೆ ಕಳಿಸಿದೆ. ಸಂಪಾದಕರು ಫೋನ್ ಮಾಡಿದರು.

"ಸರ, ಭಾಳ ಚಲೋ ಬಂದೈತ್ರಿ. ಆದ್ರ ಅಂಕಣಕ್ಕ ಖರೆ ಸಂಗತಿ ಬೇಕಲ್ರಿ! ಇಷ್ಟ ಓದಿದವರು ಹಿಂಗ್ಯಾರ ಮಾಡ್ತಾರ್ರಿ? ಇದನ್ನ ಕಥಿ ಪುಟದಾಗ ಹಾಕತೇನ್ರಿ."

ಹಾಕಿದರು. ಕೆಳಗೆ ಒಂದು ಸಾಲು ಬೇರೆ ಇತ್ತು: "ಈ ಕಥೆಯ ಪಾತ್ರಗಳೆಲ್ಲ ಕಾಲ್ಪನಿಕ!"